ಪೆನಿಸಿಲಮೈನ್ ಶುರುವಾಗಿ ಎಂಟು ತಿಂಗಳು, ಸೆರುಲೋಪ್ಲಾಸ್ಮಿನ್ ಏರುತ್ತಲೇ ಇಲ್ಲ

ಹಾಸನದ ಅಕ್ಕ:
ನನ್ನ ತಮ್ಮನಿಗೆ 19 ವರ್ಷ, ವಿಲ್ಸನ್ ಕಾಯಿಲೆ, ಅಂದರೆ ಮೈಯಲ್ಲಿ ತಾಮ್ರ ಸೇರಿಕೊಳ್ಳುವ ಕಾಯಿಲೆ. ಬೆಳಿಗ್ಗೆ ಆರಕ್ಕೆ ತಾಮ್ರ ಹೊರಹಾಕುವ ಔಷಧಿ ಪೆನಿಸಿಲಮೈನ್ ನುಂಗಿದರೆ ಏಳರವರೆಗೆ ಕಾಫಿಯೂ ಇಲ್ಲ. ಆ ಒಂದು ಗಂಟೆ ಅವನನ್ನು ಮಾತಾಡಿಸುವ ಹಾಗಿಲ್ಲ! ಅಜ್ಜಿಯ ತಾಮ್ರದ ಚೊಂಬು ಅಟ್ಟ ಸೇರಿದೆ. ಲಿವರ್‌ಗಾದ ಹಾನಿ ತೋರಿಸುವ ಎಸ್‌ಜಿಪಿಟಿ ಇಳಿದಿದೆ. ಆದರೆ ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನ್ ಸೆರುಲೋಪ್ಲಾಸ್ಮಿನ್ ಆಗ 8 ಇತ್ತು, ಈಗ 6. ತಾಮ್ರ ಹೊರಗೆ ಹೋಗುತ್ತಿದ್ದರೆ ಇದು ಏರಬೇಕಲ್ವಾ? ಅಮ್ಮ ಆಗಲೇ "ನಿಲ್ಲಿಸಿ, ನಾಟಿ ಔಷಧಿ ನೋಡೋಣ" ಅಂತ ಶುರು ಮಾಡಿದ್ದಾರೆ.

ಐದು ಲೀಟರ್ ಕ್ಯಾನ್:
ಹನ್ನೊಂದು ವರ್ಷದಿಂದ ನುಂಗುತ್ತಿದ್ದೇನೆ. ನನ್ನದು ಒಮ್ಮೆಯೂ 7 ದಾಟಿಲ್ಲ, ಆರಾಮಾಗಿದ್ದೇನೆ. ನಮ್ಮ ಡಾಕ್ಟರ್ ನೋಡುವುದು 24 ಗಂಟೆಯ ಮೂತ್ರದಲ್ಲಿರುವ ತಾಮ್ರವನ್ನು. ಮೊದಲ ದಿನ ಎದ್ದಾಗಿನದ್ದು ಚೆಲ್ಲಬೇಕು, ಮಾರನೇ ದಿನ ಎದ್ದಾಗಿನದ್ದು ಕ್ಯಾನಿಗೆ ಸೇರಬೇಕು. ನಾನು ಉಲ್ಟಾ ಮಾಡಿ ಇಡೀ ಭಾನುವಾರ ಹಾಳು ಮಾಡಿಕೊಂಡಿದ್ದೆ.

ಲ್ಯಾಬ್ ಮೇಷ್ಟ್ರು:
ಲಿವರ್‌ನಲ್ಲಿ ಎಟಿಪಿ7ಬಿ ಅಂತ ಒಂದು ಪಂಪ್ ಇದೆ. ಸೆರುಲೋಪ್ಲಾಸ್ಮಿನ್‌ಗೆ ತಾಮ್ರ ತುಂಬುವುದೂ ಅದೇ, ಜಾಸ್ತಿಯಾದದ್ದನ್ನು ಪಿತ್ತಕ್ಕೆ ತಳ್ಳುವುದೂ ಅದೇ. ನಿಮ್ಮ ತಮ್ಮನಲ್ಲಿ ಕೆಟ್ಟಿರುವುದು ಆ ಪಂಪ್. ತಾಮ್ರ ಸಿಗದ ಸೆರುಲೋಪ್ಲಾಸ್ಮಿನ್ ರಕ್ತದಲ್ಲಿ ಜಾಸ್ತಿ ಹೊತ್ತು ಉಳಿಯುವುದಿಲ್ಲ. ಪೆನಿಸಿಲಮೈನ್ ಪಂಪ್ ರಿಪೇರಿ ಮಾಡುವುದಿಲ್ಲ, ತಾಮ್ರ ಹಿಡಿದು ಮೂತ್ರದ ದಾರಿಗೆ ಹಾಕುತ್ತದೆ ಅಷ್ಟೇ. ಹಾಗಾಗಿ ಆ ಅಂಕಿ ಏರುವುದಿಲ್ಲ, ಸ್ವಲ್ಪ ಇಳಿಯಲೂಬಹುದು.

ನನಗೆ ಇದಕ್ಕಿಂತ ಸೋಜಿಗ ಅನ್ನಿಸುವುದು ಮೆಟಲೋಥಯೋನಿನ್. ಲಿವರ್ ಕೋಶದೊಳಗಿನ ಪುಟ್ಟ ಪ್ರೋಟೀನ್. ಅದರ ಸುಮಾರು ಮೂರನೇ ಒಂದು ಭಾಗ ಸಿಸ್ಟೀನ್, ಅಂದರೆ ಗಂಧಕದ ಕೊಕ್ಕೆಗಳು. ಪೆನಿಸಿಲಮೈನ್‌ಗೂ ಗಂಧಕದ ಕೊಕ್ಕೆಯೇ ಇರುವುದು, ಆದರೆ ಮೆಟಲೋಥಯೋನಿನ್ ಹಿಡಿತವೇ ಗಟ್ಟಿ. ಅದು ಕಚ್ಚಿಕೊಂಡ ತಾಮ್ರವನ್ನು ಈ ಔಷಧಿ ಸುಲಭಕ್ಕೆ ಬಿಡಿಸಲಾರದು. ಅದಕ್ಕೇ ವರ್ಷಗಟ್ಟಲೆ ಔಷಧಿ ತೆಗೆದುಕೊಂಡು ಚೆನ್ನಾಗಿರುವವರ ಲಿವರ್‌ನಲ್ಲೂ ತಾಮ್ರ ಜಾಸ್ತಿಯೇ ಸಿಗುತ್ತದೆ. ಕಟ್ಟಿಹಾಕಿದ ತಾಮ್ರ ಅಷ್ಟು ಹಾನಿ ಮಾಡುವುದಿಲ್ಲ. ಬಿಡುಬೀಸಾಗಿ ಓಡಾಡುವುದೇ ಲಿವರ್ ಸುಡುವುದು. ಪೆನಿಸಿಲಮೈನ್ ಈ ಪ್ರೋಟೀನನ್ನು ಹೆಚ್ಚಿಸುತ್ತದೆ ಅಂತಲೂ ಹೇಳುತ್ತಾರೆ.

ನಿಲ್ಲಿಸುವ ಮಾತು ಮಾತ್ರ ಬೇಡ. ಚೆನ್ನಾಗಿದ್ದೇವೆ ಅಂತ ತಾವೇ ಬಿಟ್ಟವರಿಗೆ ಲಿವರ್ ಪೂರ್ತಿ ಕೈಕೊಟ್ಟ ಉದಾಹರಣೆಗಳಿವೆ.

ಹಾಸನದ ಅಕ್ಕ:
ಅಮ್ಮನಿಗೆ ಓದಿ ಹೇಳಿದೆ, ಸುಮ್ಮನಾದರು. ಮುಂದೆ ಜಿಂಕ್ ಕೊಡಬಹುದು ಅಂತ ಡಾಕ್ಟರ್ ಅಂದಿದ್ದಾರೆ. ಎರಡನ್ನೂ ಬೆಳಿಗ್ಗೆ ಒಟ್ಟಿಗೆ ನುಂಗಬಹುದಾ?

ಲ್ಯಾಬ್ ಮೇಷ್ಟ್ರು:
ಬೇಡ. ಪೆನಿಸಿಲಮೈನ್ ಜಿಂಕನ್ನೂ ಹಿಡಿದುಕೊಳ್ಳುತ್ತದೆ, ಎರಡೂ ದಂಡ. ಜಿಂಕ್‌ನ ಕೆಲಸ ಕರುಳಿನಲ್ಲಿ. ಅಲ್ಲಿ ಇದೇ ಮೆಟಲೋಥಯೋನಿನ್ ಜಾಸ್ತಿ ಮಾಡಿಸಿ, ಊಟದ ತಾಮ್ರ ರಕ್ತಕ್ಕೆ ಹೋಗದ ಹಾಗೆ ತಡೆಯುತ್ತದೆ. ಎಷ್ಟು ಗಂಟೆ ಅಂತರ ಅನ್ನುವುದನ್ನು ಡಾಕ್ಟರ್ ಹತ್ತಿರವೇ ಬರೆಸಿಕೊಳ್ಳಿ.