ಚೆಂಡೆ ಪೆಟ್ಟು ಬಿದ್ದ ಕೂಡ್ಲೆ ಆಂಪ್ ಆಫ್, ಯಾರಿಗಾದ್ರೂ ಗೊತ್ತುಂಟಾ?

ಮುಳ್ಳೇರಿಯ_ಮನೆ
ತಲೆ ಕೆಟ್ಟುಹೋಗಿದೆ ಮಾರಾಯ್ರೆ. ಹೊಸ 5.1 ಆಂಪ್, ಅಂದರೆ ಐದು ಸ್ಪೀಕರ್, ಬಾಸಿಗೆ ಒಂದು ಸಬ್‌ವೂಫರ್ ಹಾಕುವಂಥದ್ದು. ಸಿನಿಮಾ ನೋಡಿದರೆ ಎಂತ ತೊಂದರೆಯೂ ಇಲ್ಲ. ಯಕ್ಷಗಾನದ ರೆಕಾರ್ಡಿಂಗ್ ಹಾಕಿದರೆ ಭಾಗವತರ ಪದ ಚಂದ ಹೋಗ್ತದೆ, ಮದ್ದಳೆಗೂ ಸರಿ. ಪದ ಮುಗಿದು ಬಿಡ್ತಿಗೆಗೆ (ಪದದ ಕೊನೆಯ ಪೆಟ್ಟುಗಳಿಗೆ) ಚೆಂಡೆ ಎದ್ದಿತೋ, ಒಳಗೆ ಟಕ್ ಅಂತ ಸದ್ದು, ಡಿಸ್‌ಪ್ಲೇ ಕಪ್ಪು, ಎದುರಿನ ಕೆಂಪು ಲೈಟು ಮಿಣುಕು ಮಿಣುಕು. ಪವರ್ ಒತ್ತಿದರೆ ಪುನಃ ಬರ್ತದೆ, ಚೆಂಡೆ ಬಂದರೆ ಪುನಃ ಹೋಗ್ತದೆ.

ಕಂಪೆನಿ ಹೆಸರು ಹಾಕುವುದಿಲ್ಲ. ಹಾಕಿದರೆ ಇಲ್ಲಿ ಆ ಕಂಪೆನಿಯಾ ಈ ಕಂಪೆನಿಯಾ ಅಂತ ಜಗಳ ಶುರುವಾಗ್ತದೆ. ವಯರಿಂಗ್ ಎಲ್ಲ ಸರಿ ಉಂಟು. ರಿಸೆಟ್ ಮಾಡಿ ಆಯ್ತು. ವಾಪಸು ಕೊಡುವ ಅವಧಿ ಮುಗಿಯುವ ಮೊದಲು ಯಾರಾದ್ರೂ ಹೇಳಿ.

ಬದಿಯಡ್ಕ_ಭಟ್
ವೋಲ್ಟೇಜ್. ಕಣ್ಣು ಮುಚ್ಚಿ ಹೇಳ್ತೇನೆ. ಈಗ ತೋಟಕ್ಕೆ ನೀರು ಬಿಡುವ ಸಮಯ. ಆಚೆ ಈಚೆ ಮನೆಯವರು ಪಂಪ್ ಹಾಕಿದ ಕೂಡ್ಲೆ ಲೈನು ಬೀಳ್ತದೆ. ಸ್ಟೆಬಿಲೈಜರ್ ಉಂಟಾ?

ಮುಳ್ಳೇರಿಯ_ಮನೆ
ಸ್ಟೆಬಿಲೈಜರ್ ಇಲ್ಲ ಭಟ್ರೆ. ಫ್ರಿಜ್ಜಿಗೆ ಮಾತ್ರ ಉಂಟು.

ಬದಿಯಡ್ಕ_ಭಟ್
ನೋಡಿ. ಮುಗೀತು.

ಉಪ್ಪಳ_ಕಡಲು
ಮುಗೀಲಿಲ್ಲ. ಭಟ್ರೆ, ನಿಮಗೆ ಗಡಿಯಾರ ನಿಂತರೂ ವೋಲ್ಟೇಜೇ ಕಾರಣ. ಇದು ಪ್ರೊಟೆಕ್ಷನ್ ಮೋಡ್. ಟಕ್ ಅಂದದ್ದು ಸ್ಪೀಕರ್ ರಿಲೇ, ಅಂದರೆ ಸ್ಪೀಕರಿನ ಲೈನು ಕಡಿಯುವ ಸ್ವಿಚ್ಚು, ಬಿಟ್ಟ ಸದ್ದು. ಔಟ್‌ಪುಟ್ಟಿನಲ್ಲಿ ಶಾರ್ಟ್ ಆದರೆ, ಡಿಸಿ ಬಂದರೆ, ಕರೆಂಟು ಮಿತಿ ಮೀರಿದರೆ, ಇಲ್ಲವೇ ಒಳಗೆ ಬಿಸಿ ಹೆಚ್ಚಾದರೆ ಆಂಪ್ ತಾನಾಗಿ ಕೈ ಬಿಡ್ತದೆ. ಹಿಂದೆ ಟಾರ್ಚ್ ಹಾಕಿ ನೋಡಿ. ಸ್ಪೀಕರ್ ವಯರಿನ ಒಂದೇ ಒಂದು ಸಪೂರ ಎಳೆ ಪಕ್ಕದ ಟರ್ಮಿನಲ್‌ಗೆ ತಾಗಿದರೂ ಸಾಕು. ನನ್ನಲ್ಲಿ ಹಾಗೇ ಆದದ್ದು. ಕಡಲ ಗಾಳಿಗೆ ತಾಮ್ರ ಹಸಿರು ಕಿಲುಬು ಹಿಡಿದು, ಎಳೆ ಮುರಿದು ಹೊರಗೆ ಬಂದಿತ್ತು. ತುದಿ ಕತ್ತರಿಸಿ ಹೊಸತಾಗಿ ಸುಲಿದು, ಬಿಗಿಯಾಗಿ ಹುರಿ ಮಾಡಿ, ಬನಾನಾ ಪ್ಲಗ್ ಹಾಕಿ.

ಮುಳ್ಳೇರಿಯ_ಮನೆ
ನೋಡಿದೆ. ಎಳೆ ಎಲ್ಲಿಯೂ ತಾಗುವುದಿಲ್ಲ. ವಯರಿಂಗ್ ಸರಿ ಉಂಟು ಅಂತ ಮೊದಲೇ ಹೇಳಿದ್ದೇನೆ.

ಹೊಸೂರು_7.2.4
ಗುರು, ಪ್ಲಗ್ ಗಿಗ್ ಆಮೇಲೆ. ವಯರ್ ಯಾವ್ದು ಹಾಕಿದ್ದೀರ? ತಾಮ್ರ ಅಂತ ಮಾರೋದ್ರಲ್ಲಿ ಎಷ್ಟೋ ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ. ಬ್ಲೇಡಲ್ಲಿ ಕೆರೆದು ನೋಡಿ, ಒಳಗೆ ಬಿಳಿ ಕಂಡ್ರೆ ಕಿತ್ತು ಬಿಸಾಕಿ. ನಾನು ನಮ್ಮ ರೂಮಿಗೆ ಪೂರ್ತಿ 14 ಗೇಜ್ ಶುದ್ಧ ತಾಮ್ರ ಎಳೆಸಿದೀನಿ, ಹನ್ನೊಂದು ಸ್ಪೀಕರಿಗೂ. ಮೇಲೆ ಸೀಲಿಂಗಲ್ಲಿ ನಾಲ್ಕು ಆಟ್ಮಾಸ್. 12 ಇಂಚಿನ ಸಬ್‌ವೂಫರ್ ಎರಡು.

ಅಕ್ಕಲಕೋಟ_ಸೌಂಡ್
ಕೆರದು ನೋಡಿದ್ರ ಒಳಗ ಬೆಳ್ಳಗ ಕಾಣ್ತೈತಂದ್ರ ಅಲ್ಯೂಮಿನಿಯಂ ಖರೇ. ಆದ್ರ ಕೆರಿಯೂಕಿಂತ ಮೊದಲ ಬೆಳ್ಳಗ ಇತ್ತಂದ್ರ ಅದು ತವರದ ಲೇಪ ಇರೂ ತಾಮ್ರಾನೂ ಆಗಿರಬಹುದು. ಸುಮ್ನ ಕಿತ್ತು ಒಗಿಬ್ಯಾಡ್ರಿ. ಮತ್ತ ಅಲ್ಯೂಮಿನಿಯಂ ವಯರಿನ ರೆಸಿಸ್ಟನ್ಸ್ ಜಾಸ್ತಿ ಇರ್ತೈತಿ, ಕಡಿಮಿ ಅಲ್ಲ. ಅದರಿಂದ ಆಂಪಿಗೆ ಭಾರ ಇಳೀತೈತಿ, ಏರೂದಿಲ್ಲ. ಪ್ರೊಟೆಕ್ಷನ್ನಿಗೂ ಅದಕ್ಕೂ ಏನ್ ಸಂಬಂಧ್ರಿ?

ಹೊಸೂರು_7.2.4
ಸಂಬಂಧ ಐತೆ. ಕೇಳಿದ್ರೆ ಗೊತ್ತಾಗ್ತದೆ. ಶುದ್ಧ ತಾಮ್ರ ಹಾಕಿದ ಮೇಲೆ ನಮ್ಮ ರೂಮಲ್ಲಿ ಬಾಸ್ ಬೇರೇನೇ ಆಯ್ತು.

ಅಕ್ಕಲಕೋಟ_ಸೌಂಡ್
1.5 ಸ್ಕ್ವೇರ್ ಎಂಎಂ ತಾಮ್ರ ಮೀಟರಿಗೆ 12 ಮಿಲಿ ಓಮ್. 15 ಮೀಟರ್ ಹೋಗಿ ಬರೂದಕ್ಕ 30 ಮೀಟರ್ ಹಿಡದ್ರೂ 0.36 ಓಮ್. ನಿಮ್ಮ ಕಿವಿಗೆ ಅಷ್ಟು ಗೊತ್ತಾಗ್ತೈತಂದ್ರ ನಮಸ್ಕಾರ ನಿಮಗ. ನಾವು ಜಾತ್ರಿ ಸೌಂಡಿನವ್ರು. ಅಹುಜಾದ 100 ವೋಲ್ಟ್ ಲೈನಿನ್ಯಾಗ ಅರ್ಧ ಊರಿಗೆ ವಯರ್ ಎಳೀತೀವಿ, ಸಪೂರ ವಯರಿನ್ಯಾಗ.

ಹೊಸೂರು_7.2.4
ಜಾತ್ರೆ ಹಾರ್ನ್ ಬೇರೆ, ಹೋಮ್ ಥಿಯೇಟರ್ ಬೇರೆ ಅಣ್ಣ.

ಬದಿಯಡ್ಕ_ಭಟ್
ವಯರು ವಯರು ಅಂತ ಎಲ್ಲಿಗೋ ಹೋಗ್ಬೇಡಿ. ಮುಳ್ಳೇರಿಯದವರೇ, ಮಲ್ಟಿಮೀಟರ್ ಉಂಟಾದರೆ ಚೆಂಡೆ ಬರುವ ಹೊತ್ತಿಗೆ ಪ್ಲಗ್ಗಿನಲ್ಲಿ ಹಿಡಿದು ನೋಡಿ. ನಾನು ಹೇಳಿದ್ದು ಸರಿಯಾ ತಪ್ಪಾ ಆಗ ಗೊತ್ತಾಗ್ತದೆ.

ಮುಳ್ಳೇರಿಯ_ಮನೆ
ಪಕ್ಕದ ಮನೆಯಿಂದ ಮೀಟರ್ ತಂದೆ. 208 ತೋರಿಸ್ತದೆ. ಭಟ್ರು ಹೇಳಿದ್ದು ಸರಿ ಇರಬಹುದು. ಯಾವ ಸ್ಟೆಬಿಲೈಜರ್ ಒಳ್ಳೆಯದು?

ಬದಿಯಡ್ಕ_ಭಟ್
208! ಇರಬೇಕಾದದ್ದು 230. ಸರ್ವೋ ತಗೊಳ್ಳಿ, ರಿಲೇಯದ್ದು ಬೇಡ. ರಿಲೇಯದ್ದು ಹೆಜ್ಜೆ ಬದಲಿಸುವಾಗ ಒಳಗೆ ಕಟಕಟ ಅಂತದೆ. ನನ್ನಲ್ಲಿ ಸರ್ವೋ ಹಾಕಿದ ಮೇಲೆ ಟಿವಿ, ಆಂಪ್, ಫ್ರಿಜ್ಜು ಯಾವುದಕ್ಕೂ ಕಿರಿಕಿರಿ ಇಲ್ಲ.

ಉಪ್ಪಳ_ಕಡಲು
ಸರ್ವೋದ ಮೋಟಾರು ರಾತ್ರಿ ಕೊರ್ ಅಂತ ತಿರುಗುವುದು ಕೇಳಿದ್ದೀರಾ ಭಟ್ರೆ? ಮೆಲ್ಲಗಿನ ಸೀನಿನಲ್ಲಿ ಅದೇ ಕೇಳ್ತದೆ.

ಬದಿಯಡ್ಕ_ಭಟ್
ನಂದು ಪಕ್ಕದ ಕೋಣೆಯಲ್ಲಿ ಉಂಟು.

ತಾಳವಾಡಿ_ಓಮ್
ಸ್ಟೆಬಿಲೈಜರ್ ಕೊಳ್ಳುವ ಮೊದಲು ಒಂದು ನಿಮಿಷ. 208 ವೋಲ್ಟ್ ಬಂದರೆ ಆಂಪಿನ ಒಳಗಿನ ಸಪ್ಲೈ ಹೆಚ್ಚುಕಮ್ಮಿ ಹತ್ತು ಪರ್ಸೆಂಟ್ ಇಳಿಯುತ್ತೆ, ಗರಿಷ್ಠ ಪವರ್ ಹದಿನೆಂಟು ಪರ್ಸೆಂಟಿನಷ್ಟು ಕಮ್ಮಿಯಾಗುತ್ತೆ. ಜೋರು ಇಟ್ಟರೆ ಸ್ವಲ್ಪ ಬೇಗ ಒಡೆದ ಸದ್ದು ಬರಬಹುದು. ಅಷ್ಟಕ್ಕೇ ರಿಲೇ ಬಿಡಲ್ಲ. ಬಿಟ್ಟರೆ ಸಿನಿಮಾಕ್ಕೂ ಬಿಡಬೇಕಿತ್ತಲ್ಲ?

ಮೂರು ಪ್ರಶ್ನೆ, ದಯವಿಟ್ಟು ಮೂರಕ್ಕೂ ಉತ್ತರ ಕೊಡಿ. ಸಿನಿಮಾ ನೋಡುವಾಗ ವಾಲ್ಯೂಮ್ ಎಷ್ಟು, ಯಕ್ಷಗಾನದ ಆಟ ಕೇಳುವಾಗ ಎಷ್ಟು? ಆಟ ಕೇಳುವಾಗ ರಿಮೋಟಿನಲ್ಲಿ ಯಾವ ಮೋಡ್? ಸ್ಪೀಕರ್ ಯಾವುದು, ಅದರ ಬೆನ್ನಿನ ಮೇಲೆ ಎಷ್ಟು ಓಮ್ ಅಂತ ಬರೆದಿದೆ?

ಮುಳ್ಳೇರಿಯ_ಮನೆ
ಸಿನಿಮಾ ನೋಡುವುದು ರಾತ್ರಿ, ಅಮ್ಮ ಮಲಗಿರ್ತಾರೆ, ಮೆಲ್ಲ. ಆಟ ಹಗಲು, ಜೋರು. ಚೆಂಡೆ ಮೆಲ್ಲ ಕೇಳುವವರು ಯಾರಾದ್ರೂ ಉಂಟಾ? ಐದೂ ಸ್ಪೀಕರಿನಲ್ಲಿ ಬರುವ ಮೋಡ್, ಆಲ್ ಚಾನೆಲ್ ಸ್ಟೀರಿಯೋ. ಸ್ಪೀಕರ್ ಹಳೆಯದ್ದೇ, ಮೊದಲಿನ ಹೋಮ್ ಥಿಯೇಟರಿನದ್ದು. ಆ ಡಿವಿಡಿ ಡಬ್ಬ ಕೆಟ್ಟಿತು, ಸ್ಪೀಕರ್ ಚೆನ್ನಾಗಿಯೇ ಉಂಟಲ್ಲ, ಯಾಕೆ ಬಿಸಾಡುವುದು. ಬೆನ್ನಿನಲ್ಲಿ 3 ಓಮ್ ಅಂತ ಉಂಟು.

ಅಕ್ಕಲಕೋಟ_ಸೌಂಡ್
ಅಯ್ಯೋ ಶಿವನ! ಇದನ್ನ ಮೊದಲ ಹೇಳಬೇಕಿತ್ತಲ್ಲರಿ.

ಹೊಸೂರು_7.2.4
3 ಓಮ್ ಆ? ಅದು ಆ ಡಬ್ಬದ ಆಂಪಿಗೆ ಅಂತಾನೇ ಮಾಡಿರೋದು ಗುರು. ಆ ಸೆಟ್ಟುಗಳು ಒಂದು ಥರ ಜೋಡಿ, ಬೇರೆ ಮಾಡಬಾರ್ದು. ನಂದೆಲ್ಲ 8 ಓಮ್. ಮುಂದಿನ ಜೋಡಿ ಟವರ್, 90 ಡಿಬಿ ಸೆನ್ಸಿಟಿವಿಟಿ. ಒಂದೇ ಒಂದು ವಾಟಿಗೆ ಒಂದು ಮೀಟರ್ ದೂರದಲ್ಲಿ 90 ಡಿಬಿ. ಫೋಟೋ ಹಾಕ್ತೀನಿ ತಡೀರಿ.

ತಾಳವಾಡಿ_ಓಮ್
ಫೋಟೋ ಆಮೇಲೆ ಹಾಕಿ.

ಮುಳ್ಳೇರಿಯದವರೇ, ನಿಮ್ಮ ಆಂಪಿನ ಹಿಂದೆ ಸ್ಪೀಕರ್ ಟರ್ಮಿನಲ್ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ 6 ಓಮ್ ಅಥವಾ 8 ಓಮಿಗಿಂತ ಕಮ್ಮಿ ಬೇಡ ಅಂತ ಬರೆದಿರುತ್ತೆ. ಸ್ಪೀಕರಿನ ತುದಿಯಲ್ಲಿ 12 ವೋಲ್ಟ್ ಇದ್ದಾಗ 8 ಓಮ್ ಎಳೆಯೋದು ಒಂದೂವರೆ ಆಂಪಿಯರ್. ಅದೇ 12 ವೋಲ್ಟಿಗೆ 3 ಓಮ್ ಎಳೆಯೋದು 4 ಆಂಪಿಯರ್. ನೀವು ಐದು ಸ್ಪೀಕರನ್ನೂ ಒಟ್ಟಿಗೇ ಎಳೆಸ್ತಾ ಇದ್ದೀರ. ಸಿನಿಮಾದಲ್ಲಿ ಮಾತೆಲ್ಲ ನಡುವಿನ ಸ್ಪೀಕರಿಗೆ, ಹಿಂದಿನವು ಯಾವಾಗಲೋ ಒಮ್ಮೆ ಬಾಯಿ ಬಿಡುತ್ವೆ. ಜೊತೆಗೆ ಮೆಲ್ಲ ಬೇರೆ. ಚೆಂಡೆ ಹಾಗಲ್ಲ. ಪದಕ್ಕೆ ಹೋಲಿಸಿದರೆ ಒಂದೊಂದು ಪೆಟ್ಟಿನ ತುದಿ 10 ಡಿಬಿ ಮೇಲೆ ಹೋದರೂ ಆ ಗಳಿಗೆಗೆ ಹತ್ತು ಪಟ್ಟು ಪವರ್ ಬೇಕು.

ಬದಿಯಡ್ಕ_ಭಟ್
ಮೆನುವಿನಲ್ಲಿ ಸ್ಪೀಕರ್ ಇಂಪೀಡನ್ಸ್ (ಈ ಓಮಿನ ಲೆಕ್ಕ) ಅಂತ ಉಂಟಲ್ಲ, ಅದನ್ನು 4 ಓಮಿಗೆ ಹಾಕಿದರೆ ಆಯ್ತು. ಜೊತೆಗೆ ಸ್ಟೆಬಿಲೈಜರ್.

ತಾಳವಾಡಿ_ಓಮ್
ಎಲ್ಲ ಆಂಪಿನಲ್ಲೂ ಅದಿರಲ್ಲ ಭಟ್ರೇ. ಇದ್ದರೂ ಅದು ಮಾಡೋದು ಆಂಪಿನ ಕೈ ಕಟ್ಟೋದು, ಶಕ್ತಿ ಕೊಡೋದಲ್ಲ. ಬಿಸಿ ಕಮ್ಮಿಯಾಗುತ್ತೆ, ಸದ್ದೂ ಕಮ್ಮಿಯಾಗುತ್ತೆ.

ಮುಳ್ಳೇರಿಯ_ಮನೆ
ಆದರೆ ಡಬ್ಬದ ಮೇಲೆ ಒಂದು ಚಾನೆಲಿಗೆ 135 ವಾಟ್ ಅಂತ ದೊಡ್ಡದಾಗಿ ಬರೆದಿದ್ದಾರಲ್ಲ. ಹಳೆಯ ಡಬ್ಬ ಇದರ ಕಾಲು ಭಾಗ ಗಾತ್ರ, ಅದು ಯಾವತ್ತೂ ಆಫ್ ಆದದ್ದಿಲ್ಲ.

ಅಕ್ಕಲಕೋಟ_ಸೌಂಡ್
ಆ ನಂಬರಿನ ಕೆಳಗ ಸಣ್ಣ ಅಕ್ಷರ ಓದ್ರಿ. 6 ಓಮ್, 1 ಕಿಲೋಹರ್ಟ್ಸ್, ಹತ್ತು ಪರ್ಸೆಂಟ್ ಡಿಸ್ಟಾರ್ಷನ್, ಒಂದ ಚಾನೆಲ್ ನಡದಾಗ. ಹತ್ತು ಪರ್ಸೆಂಟ್ ಅಂದ್ರ ಸದ್ದು ಹರಕೊಂಡು ಬರ್ತಿರತೈತಿ. ಅದ ಪುಸ್ತಕದ ಕಡೀ ಪುಟದಾಗ 8 ಓಮ್, 20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್, ಎರಡು ಚಾನೆಲ್ ಅಂತ ಇನ್ನೊಂದು ನಂಬರ ಇರ್ತೈತಿ, ಅದು 70-80 ಇರಬಹುದು. ಕೊಳ್ಳೂ ಮುಂದ ಅದನ್ನ ನೋಡಬೇಕು. ಐದೂ ಚಾನೆಲ್ ಒಮ್ಮೆ ಹೊಡದ್ರ ಇನ್ನೂ ಇಳೀತೈತಿ, ಟ್ರಾನ್ಸ್‌ಫಾರ್ಮರ್ ಒಂದ ಅಲ್ಲೇನ್ರಿ, ಒಂದ ಎತ್ತಿಗೆ ಐದು ಗಾಡಿ ಕಟ್ಟಿದಂಗ.

ಉಪ್ಪಳ_ಕಡಲು
ಅದಕ್ಕೇ ನಾನು ಹೇಳುವುದು, ವಾಟ್ ನೋಡಿ ಆಂಪ್ ತಗೊಳ್ಳಬಾರದು, ತೂಕ ನೋಡಿ ತಗೊಳ್ಳಬೇಕು. ನನ್ನ ಹಳೆ ಯಮಾಹಾ ಎತ್ತಬೇಕಾದರೆ ಇಬ್ಬರು ಬೇಕು.

ಹೊಸೂರು_7.2.4
ಡೆನಾನ್ ಮುಂದೆ ಯಮಾಹಾ ಸಿನಿಮಾಗೆ ಸಪ್ಪೆ. ಆಡಿಸ್ಸಿ ಮೈಕ್ ಇಟ್ಟು ಒಂದ್ಸಲ ಅಳತೆ ಮಾಡ್ಸಿದ್ರೆ ರೂಮೇ ಬದಲಾಗ್ತದೆ.

ಉಪ್ಪಳ_ಕಡಲು
ಯಮಾಹಾದಲ್ಲಿ ವೈಪಾವೋ ಉಂಟು ಮಾರಾಯ. ಅಳತೆ ಅದೂ ಮಾಡ್ತದೆ. ಪದ, ಹಿಂದೂಸ್ತಾನಿ, ಭಾವಗೀತೆ ಕೇಳುವವರಿಗೆ ಯಮಾಹಾ.

ಹೊಸೂರು_7.2.4
ಕಿವಿ ನಿಮ್ಮದು, ದುಡ್ಡು ನಿಮ್ಮದು.

ತಾಳವಾಡಿ_ಓಮ್
ಇದಕ್ಕೇ ಅವರು ಕಂಪೆನಿ ಹೆಸರು ಹಾಕದೆ ಇದ್ದದ್ದು.

ಮುಳ್ಳೇರಿಯದವರೇ, ಮೀಟರ್ ಹೇಗೂ ಕೈಯಲ್ಲಿದೆ. ಆಂಪ್ ಆಫ್ ಮಾಡಿ ಗೋಡೆಯ ಪ್ಲಗ್ ತೆಗೀರಿ. ಸ್ಪೀಕರ್ ವಯರುಗಳನ್ನ ಆಂಪ್ ಕಡೆಯಿಂದ ಬಿಚ್ಚಿ ಒಂದೊಂದನ್ನೇ ಓಮಿನಲ್ಲಿ ಅಳೆದು ಹಾಕಿ. ಮೀಟರಿನ ಎರಡು ಕಡ್ಡಿ ಒಂದಕ್ಕೊಂದು ತಾಗಿಸಿದಾಗ ಬರೋ ಅಂಕಿಯನ್ನ ಕಳೀರಿ. ಡಿಸಿಯಲ್ಲಿ ಅಳೆದರೆ ಬರೆದದ್ದಕ್ಕಿಂತ ಸ್ವಲ್ಪ ಕಮ್ಮಿ ಬರುತ್ತೆ, 8 ಓಮಿನದ್ದು ಆರರ ಆಸುಪಾಸು ತೋರಿಸುತ್ತೆ. ಗಾಬರಿ ಬೇಡ.

ಮುಳ್ಳೇರಿಯ_ಮನೆ
ಕಳೆದು ಬರೆದಿದ್ದೇನೆ. ಎದುರು ಎಡ 2.7, ನಡು 2.6, ಹಿಂದಿನದ್ದು ಎರಡೂ 2.9. ಎದುರು ಬಲ 1.4.

ಉಪ್ಪಳ_ಕಡಲು
1.4! ನಾನು ಹೇಳಿಲ್ವಾ ಶಾರ್ಟ್ ಅಂತ? ಬಲದ ವಯರು ಎಲ್ಲೋ ಇಲಿ ಕಡಿದಿದೆ.

ತಾಳವಾಡಿ_ಓಮ್
ಶಾರ್ಟ್ ಆಗಿದ್ದರೆ ಸೊನ್ನೆಯ ಹತ್ತಿರ ಬರ್ತಿತ್ತು. 1.4 ಅಂದರೆ 2.7ರ ಹೆಚ್ಚುಕಮ್ಮಿ ಅರ್ಧ. ಬಲಗಡೆ ಟರ್ಮಿನಲಿಗೆ ಇನ್ನೇನಾದರೂ ಸೇರಿಸಿದ್ದೀರಾ? ಹಳೆ ಸೆಟ್ಟಿನ ಸಬ್‌ವೂಫರ್ ಎಲ್ಲಿ?

ಮುಳ್ಳೇರಿಯ_ಮನೆ
ಸಬ್ ಅಲ್ಲೇ ಉಂಟು. ಹೊಸ ಆಂಪಿನಲ್ಲಿ ಸಬ್‌ಗೆ ಎರಡು ವಯರ್ ಸಿಕ್ಕಿಸುವ ಜಾಗವೇ ಇಲ್ಲ, ಒಂದು ಪಿನ್ ಹಾಕುವ ತೂತು ಮಾತ್ರ. ಅಂಗಡಿಯ ಹುಡುಗ ಎದುರಿನ ಬಲದ್ದಕ್ಕೇ ಸೇರಿಸಿ ಕೊಟ್ಟ. ಅದು ವಯರಿಂಗ್ ಅಲ್ವಾ, ಸರಿ ಉಂಟು ಅಂತ ಹೇಳಿದ್ದು ಅದನ್ನೂ ಸೇರಿಸಿಯೇ.

ಅಕ್ಕಲಕೋಟ_ಸೌಂಡ್
3 ಓಮಿಗೆ 3 ಓಮ್ ಪ್ಯಾರಲಲ್. ಒಂದೂವರಿ ಓಮ್. ನಿಮ್ಮ ಆಂಪ್ ಭಾಳ ಸಜ್ಜನ ಐತ್ರಿ, ಟಕ್ ಅಂತ ಹೇಳಿ ಆಫ್ ಆಗ್ಯದ. ಬ್ಯಾರೇದಾದ್ರ ಹೊಗಿ ಬಿಡ್ತಿತ್ತು.

ತಾಳವಾಡಿ_ಓಮ್
ಆ ಒಂದು ಚಾನೆಲ್ 12 ವೋಲ್ಟಿಗೆ 8 ಆಂಪಿಯರ್ ಕೇಳ್ತಿದೆ. ಸಬ್ ಈಗಲೇ ಬಿಚ್ಚಿ. ಆ ಪಿನ್ ತೂತಿನಿಂದ ಬರೋದು ಬರೀ ಸಣ್ಣ ಸಿಗ್ನಲ್, ಒಳಗೇ ಆಂಪ್ ಇರುವ ಆಕ್ಟಿವ್ ಸಬ್‌ಗೆ ಅಂತ ಇರೋದು. ನಿಮ್ಮ ಹಳೆ ಸಬ್ ಒಳಗೆ ಬರೀ ಕೋನ್ ಇದೆ. ಆಮೇಲೆ ಮೆನುವಿನಲ್ಲಿ ಐದೂ ಸ್ಪೀಕರನ್ನ ಸ್ಮಾಲ್ ಮಾಡಿ. ಕ್ರಾಸ್‌ಓವರ್ ಅಂದರೆ ಅದರ ಕೆಳಗಿನ ಬಾಸ್ ಸ್ಪೀಕರಿಗೆ ಹೋಗದಂತೆ ತಡೆಯೋ ಗೆರೆ; ಅಷ್ಟು ಚಿಕ್ಕ ಕೋನಿಗೆ 80 ಸಾಲದು, 150 ಹರ್ಟ್ಸ್ ಇಡಿ. ಆಟವನ್ನ ಬರೀ ಸ್ಟೀರಿಯೋದಲ್ಲಿ ಕೇಳಿ. ಇಷ್ಟಾದರೂ 3 ಓಮ್ 3 ಓಮೇ, ವಾಲ್ಯೂಮ್ ಅರ್ಧದ ಮೇಲೆ ಒಯ್ಯಬೇಡಿ. ದುಡ್ಡು ಕೂಡಿದಾಗ ಮೊದಲು ಮುಂದಿನ ಎರಡನ್ನ ಬದಲಿಸಿ.

ಮುಳ್ಳೇರಿಯ_ಮನೆ
ಸಬ್ ಬಿಚ್ಚಿದೆ. ಇವತ್ತು ಬೆಳಗ್ಗೆ ಯುದ್ಧದ ಭಾಗ ಪೂರ್ತಿ ಹಾಕಿದೆ, ಚೆಂಡೆಗೂ ಆಫ್ ಆಗ್ಲಿಲ್ಲ. ಆದರೆ ಮದ್ದಳೆ ಈಗ ತಗಡು ಬಡಿದ ಹಾಗೆ ಕೇಳ್ತದೆ. ತಾಳವಾಡಿ ಅಕ್ಕ, ಹಳೆ ಸಬ್‌ನ ಕೋನ್ ಗಟ್ಟಿ ಉಂಟು, ಅದನ್ನು ಬಿಸಾಡದೆ ಎಂತಾದ್ರೂ ಮಾಡ್ಬಹುದಾ?

ಅಕ್ಕಲಕೋಟ_ಸೌಂಡ್
ಆ ಪಿನ್ನಿಗೆ ಒಂದು ಸಣ್ಣ ಬ್ಯಾರೆ ಆಂಪ್ ಹಚ್ಚಿ, ಅದರಿಂದ ಸಬ್ ನಡಸ್ರಿ. 3 ಓಮ್ ತಡಕೊಳ್ಳೂದು ನೋಡಿ ತಗೋರಿ. ಮ್ಯಾಲಿನ ಸದ್ದೆಲ್ಲ ನಿಮ್ಮ 5.1 ಆಂಪ್ ಕತ್ತರಿಸೇ ಕಳಸ್ತೈತಿ, ಬ್ಯಾರೆ ಫಿಲ್ಟರ್ ಬ್ಯಾಡ.

ಹೊಸೂರು_7.2.4
ಅದೆಲ್ಲ ಕಿತ್ತಾಟ ಬೇಡ. ನನ್ನ ಹತ್ರ ಹಳೇ 10 ಇಂಚಿನ ಆಕ್ಟಿವ್ ಸಬ್ ಸುಮ್ನೆ ಕೂತೈತೆ. ರೇಟು ಮೆಸೇಜ್ ಮಾಡ್ತೀನಿ. ಬಂದು ತಗೊಂಡು ಹೋಗ್ಬೇಕು, ಕೊರಿಯರ್‌ನೋರು ಎತ್ತಿ ಎಸೀತಾರೆ.

ಮುಳ್ಳೇರಿಯ_ಮನೆ
ಮುಳ್ಳೇರಿಯದಿಂದ ಹೊಸೂರಿಗೆ ಸಬ್ ತರ್ಲಿಕ್ಕೆ ಬರುವುದಾ? ಕಾಸರಗೋಡು ಮಂಗಳೂರು ಒಳಗೆ ಯಾರ ಹತ್ರ ಆದ್ರೂ ಉಂಟಾ?

ಉಪ್ಪಳ_ಕಡಲು
ನನ್ನಲ್ಲಿ ಒಂದು 8 ಇಂಚಿನದ್ದು ಉಂಟು, ಕೊಡ್ಲಿಕ್ಕೆ ಮನಸ್ಸಿಲ್ಲ, ಆದರೂ ಬಂದು ಕೇಳಿ ನೋಡಿ. ಆ ಬಲದ ವಯರನ್ನೂ ಒಮ್ಮೆ ಪೂರ್ತಿ ನೋಡಿ ಬಿಡಿ, ಇಲಿ ಕಡಿದದ್ದಲ್ಲ ಅಂತ ಹೇಳ್ಲಿಕ್ಕಾಗುವುದಿಲ್ಲ.

ಬದಿಯಡ್ಕ_ಭಟ್
ಸಬ್ ತಗೊಂಡರೆ ಅದಕ್ಕೂ ಸೇರಿ 1 ಕೆವಿಎ ಸರ್ವೋ ಸಾಕಾಗ್ತದೆ. 208 ಅಂತ ಮೀಟರೇ ಹೇಳಿದೆ, ನಾನಲ್ಲ.