ತೈವಾನ್‌ಗೆ ಅಮೆರಿಕದ ಶಸ್ತ್ರಾಸ್ತ್ರ: ಒಪ್ಪಿಗೆಯಾದದ್ದು ಕೈಸೇರಲು ಇಷ್ಟು ತಡವೇಕೆ?

ಪ್ರಶ್ನೆ:
ತೈವಾನ್‌ಗೆ ಶಸ್ತ್ರಾಸ್ತ್ರ ಮಾರಾಟವನ್ನು ಕ್ರಮೇಣ ಕಡಿಮೆ ಮಾಡುತ್ತೇವೆ ಎಂದು 1982ರಲ್ಲಿ ಅಮೆರಿಕ ಚೀನಾಕ್ಕೆ ಮಾತು ಕೊಟ್ಟಿತ್ತಲ್ಲ, ಮತ್ತೆ ಈಗಲೂ ಮಾರುತ್ತಿರುವುದು ಹೇಗೆ? ಒಪ್ಪಿಗೆಯಾಗಿ ಐದಾರು ವರ್ಷ ಕಳೆದರೂ ಸಾಮಾನು ಬರುವುದಿಲ್ಲ, ಯಾಕೆ?

ಉತ್ತರ 1:
ಆ ಮಾತು ಇರುವುದು ಎರಡೂ ದೇಶಗಳ ಜಂಟಿ ಹೇಳಿಕೆಯಲ್ಲಿ, ಕಾನೂನಿನಲ್ಲಲ್ಲ. ಆದರೆ 1979ರ ತೈವಾನ್ ಸಂಬಂಧಗಳ ಕಾಯ್ದೆ ಅಮೆರಿಕದ್ದೇ ಕಾನೂನು. ತೈವಾನ್‌ನ ಆತ್ಮರಕ್ಷಣೆಗೆ ಬೇಕಾದಷ್ಟು ಶಸ್ತ್ರ ಒದಗಿಸಬೇಕು ಎನ್ನುತ್ತದೆ. ಚೀನಾ ಶಾಂತಿಯ ದಾರಿ ಬಿಡದಿದ್ದರೆ ಮಾತ್ರ ಮಾರಾಟ ಇಳಿಯುತ್ತದೆ ಎಂಬುದು ವಾಷಿಂಗ್ಟನ್ನಿನ ವಾದ. 1982ರಲ್ಲೇ ತೈಪೆಗೆ, ಅಂದರೆ ತೈವಾನ್ ಸರ್ಕಾರಕ್ಕೆ, ಆರು ಭರವಸೆಗಳನ್ನೂ ಕೊಟ್ಟರು. ಮಾರಾಟ ನಿಲ್ಲಿಸಲು ದಿನ ಗೊತ್ತುಮಾಡಿಲ್ಲ, ಬೀಜಿಂಗನ್ನು ಮುಂಚೆ ಕೇಳುವುದಿಲ್ಲ ಎನ್ನುವುದು ಅದರಲ್ಲಿವೆ.

ಉತ್ತರ 2:
ತಡದ ವಿಚಾರಕ್ಕೆ ಬರೋಣ. ಪತ್ರಿಕೆಯಲ್ಲಿ ಬರುವ 'ಒಪ್ಪಿಗೆ' ಅಂದರೆ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಸೂಚನೆ ಹೋಯಿತು ಅಂತಷ್ಟೇ. ಅದಕ್ಕೂ ಮೊದಲು ತೈಪೆಯ ಬೇಡಿಕೆ ಪತ್ರ, ಪೆಂಟಗನ್ (ಅಮೆರಿಕದ ರಕ್ಷಣಾ ಇಲಾಖೆ) ಮತ್ತು ವಿದೇಶಾಂಗ ಇಲಾಖೆಯ ಪರಿಶೀಲನೆ. ಸೂಚನೆಯ ನಂತರ 30 ದಿನ ಕಾಯಬೇಕು. ನೇಟೋ ದೇಶಗಳಿಗೂ ಜಪಾನ್, ಆಸ್ಟ್ರೇಲಿಯಾದಂಥವರಿಗೂ 15 ದಿನ ಸಾಕು. ಆಮೇಲೆ ಸಹಿ, ತೈವಾನ್ ಶಾಸನಸಭೆಯಿಂದ ಹಣ, ಕಂಪನಿಯ ಜೊತೆ ಕರಾರು. ಘೋಷಿಸಿದ ಮೊತ್ತ ಗರಿಷ್ಠ ಅಂದಾಜು, ಬಿಲ್ ಅಲ್ಲ.

ಇಷ್ಟೆಲ್ಲ ಮುಗಿದ ಮೇಲೆ ಕಾರ್ಖಾನೆಯ ಸರದಿ. 2019ರ ಜುಲೈಯಲ್ಲಿ ಸೂಚನೆಯಾದ 108 ಅಬ್ರಾಮ್ಸ್ ಟ್ಯಾಂಕ್‌ಗಳಲ್ಲಿ ಮೊದಲ 38 ಬಂದಿಳಿದದ್ದು 2024ರ ಡಿಸೆಂಬರ್‌ನಲ್ಲಿ. 2019ರಲ್ಲೇ ಸೂಚನೆಯಾದ 66 ಎಫ್-16 ಯುದ್ಧವಿಮಾನಗಳದ್ದೂ ಇದೇ ಪಾಡು: ತಯಾರಿಕೆಯನ್ನು ಟೆಕ್ಸಾಸ್‌ನಿಂದ ದಕ್ಷಿಣ ಕೆರೊಲಿನಾಕ್ಕೆ ಎತ್ತಿಕೊಂಡು ಹೋಗಿ ಹೊಸದಾಗಿ ಹಳಿಗೆ ತರಬೇಕಾಯಿತು.

ಉತ್ತರ 3:
ಒಂದು ಸ್ಪಷ್ಟನೆ: ಮೇಲಿನದೆಲ್ಲ ತೈವಾನ್ ದುಡ್ಡು ಕೊಟ್ಟು ಕೊಳ್ಳುವುದು, ನೆರವಲ್ಲ. 1979ರ ಕಾಯ್ದೆಯ ನಂತರ ನೆರವು ಶುರುವಾದದ್ದು ಈಚೆಗೆ. 2023ರ ಜುಲೈಯಲ್ಲಿ 34.5 ಕೋಟಿ ಡಾಲರ್‌ನ ಸಾಮಾನನ್ನು ಅಮೆರಿಕ ಸೇನೆಯ ದಾಸ್ತಾನಿನಿಂದಲೇ ತೆಗೆದುಕೊಡಲು ಆದೇಶವಾಯಿತು. ಆಗಸ್ಟ್‌ನಲ್ಲಿ 8 ಕೋಟಿ ಡಾಲರ್‌ನ ಅನುದಾನ.

ದಾಸ್ತಾನಿನ ದಾರಿ ಬೇಗ, ಆದರೆ ಕಾರ್ಖಾನೆಯಿಂದ ಹೊಸದಾಗಿ ಬಂದ ಮಾಲಲ್ಲ. ಮೊದಲ ಕಂತಿನ ಸಾಮಾನು ಕ್ಯಾಲಿಫೋರ್ನಿಯಾದ ವಾಯುನೆಲೆಯಲ್ಲಿ ಮೂರು ತಿಂಗಳು ಮಳೆಗೆ ಸಿಕ್ಕಿತು. ಸುಮಾರು 3,000 ಗುಂಡುನಿರೋಧಕ ಫಲಕಗಳು ಬೂಷ್ಟು ಹಿಡಿದು ತೈವಾನ್ ತಲುಪಿದವು. ಒಣಗಿಸಿ ಒರೆಸುವ ಕೆಲಸ ಅಲ್ಲಿ ಬಿತ್ತು. ಅವಧಿ ಮೀರಿದ ಗುಂಡುಗಳೂ ಇದ್ದವು. ಪೆಂಟಗನ್ನಿನ ಮಹಾಪರಿವೀಕ್ಷಕರೇ (ಇಲಾಖೆಯ ಒಳಗಿನ ತಪಾಸಣಾಧಿಕಾರಿ) 2024ರಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಹಾಗಾಗಿ ಮುಂದಿನ ಸಲ ಘೋಷಣೆ ಓದುವಾಗ ಮೊತ್ತಕ್ಕಿಂತ ಮೊದಲು ಇದು ಮಾರಾಟವೋ, ಅನುದಾನವೋ, ದಾಸ್ತಾನಿನದೋ ನೋಡಿ. ಯಾವಾಗ ಬರುತ್ತದೆ, ಯಾವ ಸ್ಥಿತಿಯಲ್ಲಿ ಬರುತ್ತದೆ ಎನ್ನುವುದು ಅದರ ಮೇಲಿದೆ.