ಸಹಾಯ ಬೇಕು: ಕುರಿಗಾರರ ಕಡೆಯಿಂದಲೇ ಟಗರುಮರಿ ತಗೋಬೇಕು

ಎಲ್ಲರಿಗೂ ನಮಸ್ಕಾರ್ರೀ. ನಾವು ಧಾರವಾಡದವರು. ಮುಂದಿನ ತಿಂಗಳು ಅಕ್ಕನ ಮಗನ ಜವಳ ಐತಿ, ಐವತ್ತು ಮಂದಿಗೆ ಊಟ. ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರ ಕಡೆ ಬಯಲಾಗ ಮೇಯಿಸೋ ಕುರಿಗಾರರು ಯಾರರ ಗೊತ್ತಿದ್ರ ಹೇಳ್ರಿ.

ಹೋದ ಸಲ ಅಂಗಡಿಯಿಂದ ತಂದ ಮಟನ್ ಆರು ಸೀಟಿ ಹೊಡಿಸಿದ್ರೂ ನಾರು ನಾರಾಗೇ ಉಳೀತು. ನಮ್ಮವ್ವ ಒಂದು ತುಣುಕು ಬಾಯಾಗ ಹಾಕ್ಕೊಂಡು, ಸುಮ್ನ ತೆಗೆದು ತಾಟಿನ ಅಂಚಿಗೆ ಇಟ್ಟಳು. ಬರೀ ಸಾರಿನಾಗ ರೊಟ್ಟಿ ಮುರಿದು ತಿಂದಳು. ಅದು ಇನ್ನೂ ಮನಸಿನಾಗ ಕೂತೈತಿ. ಅದಕ್ಕ ಈ ಸಲ ಹಲ್ಲು ನೋಡಿ, ಬೆನ್ನು ಮುಟ್ಟಿ ನಾನೇ ಆರಿಸ್ತೀನಿ. ಹಾಲುಹಲ್ಲಿಂದು (ಹಾಲುಹಲ್ಲು ಇನ್ನೂ ಬೀಳದ ಎಳೇ ಮರಿ), ಹೆಚ್ಚಂದ್ರ ಎರಡು ಹಲ್ಲಿಂದು (ಎರಡೇ ದೊಡ್ಡ ಹಲ್ಲು ಬಂದದ್ದು) ಬೇಕು.

ಜೀವಂತ ತೂಕದಾಗ ಹೆಚ್ಚುಕಮ್ಮಿ ಅರ್ಧದಷ್ಟೇ ಮಟನ್ ಸಿಗ್ತೈತಿ. ಹಂಗಾಗಿ 20-22 ಕೆಜಿದು ಎರಡು ಮರಿ ಸಾಕಾಗ್ತಾವೇನ್ರೀ? ತೂಕ ಹಾಕಿ ಕೊಡ್ತಾರೋ, ಕಣ್ಣಂದಾಜಿನ ಮ್ಯಾಲೆ ರೇಟ್ ಹೇಳ್ತಾರೋ? ಕೊಯ್ದು ಹಸನ ಮಾಡಿ ಕೊಡವ್ರು ಅಲ್ಲೇ ಸಿಗ್ತಾರೇನು? ತಲಿ, ಕಾಲು, ಬೋಟಿ ಎಲ್ಲಾ ನಮಗ ಬೇಕು. ಕುರಿ ಮೇಯಾಕ ಹೊಡಕೊಂಡು ಹೋಗೋದ್ರೊಳಗ ನಾವು ಹಟ್ಟಿಗೆ ಮುಟ್ಟಬೇಕಂದ್ರ ಎಷ್ಟು ಗಂಟೆಗೆ ಬಿಡಬೇಕು?

ದಲ್ಲಾಳಿಗೆ ಹೋಗೋ ರೊಕ್ಕ ಕುರಿ ಕಾಯ್ದವನ ಕೈಗೇ ಮುಟ್ಟಲಿ ಅಂತ ನನ್ನಾಸೆ. ನಂಬರ್ ಇದ್ರ ಇನ್‌ಬಾಕ್ಸಿಗೆ ಹಾಕ್ರಿ.